ಊದಿ ನೋಡುವ ಶೆಡ್ಡು

ಪ್ಲಾಸ್ಟಿಕ್ ಕವರಿಗೆ ಬಣ್ಣ ಹಿಡಿಸುವ ಕೆಲಸದಲ್ಲಿ ಏನಾದರೊಂದು ವಿಚಿತ್ರ ಆಗುತ್ತಲೇ ಇರುತ್ತದೆ. ಏನೂ ಆಗದ ವಾರ ಬಂದರೆ ಶೆಡ್ಡಿನವರಿಗೆ ಭಯವಾಗುತ್ತದೆ.

ನಾನು ಹಿರಿಯೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಶೆಡ್ಡು ನನ್ನ ಹೆಂಡತಿಯದು. ಊರ ಹೊರಗೆ, ಹೆದ್ದಾರಿಗೆ ಬೆನ್ನು ಕೊಟ್ಟು ನಿಂತ ತಗಡಿನ ಶೆಡ್ಡು. ಬೀಜ, ಎಣ್ಣೆ, ಸಿಹಿತಿಂಡಿ ತುಂಬುವ ದಪ್ಪ ಕವರುಗಳ ಮೇಲೆ ಅಲ್ಲಿ ಹೆಸರು, ಚಿತ್ರ ಅಚ್ಚು ಹಾಕುತ್ತಾರೆ.

ಈ ಕೆಲಸದ ತೊಂದರೆ ಏನೆಂದರೆ ಪ್ಲಾಸ್ಟಿಕ್ಕಿಗೆ ನೀರು ಕಂಡರೆ ಆಗದು. ಎಕ್ಕದೆಲೆಯ ಮೇಲೆ ನೀರು ಚಿಮುಕಿಸಿದರೆ ಹನಿ ಗುಂಡಗೆ ನಿಂತು ಉರುಳಿ ಹೋಗುತ್ತದಲ್ಲ, ಇದೂ ಹಾಗೆಯೇ. ನೀರು ಹರಡದ ಮೈ ಮೇಲೆ ಬಣ್ಣವೂ ನಿಲ್ಲದು. ಅದಕ್ಕಾಗಿ ಅಚ್ಚಿಗೆ ಮುಂಚೆ ಪ್ಲಾಸ್ಟಿಕ್ಕನ್ನು ಟ್ರೀಟರ್ ಎಂಬ ಯಂತ್ರದ ಕೆಳಗೆ ಓಡಿಸಬೇಕು. ಒಂದು ಲೋಹದ ಪಟ್ಟಿ, ಅದರ ಕೆಳಗೆ ಒಂದು ಉರುಳೆ. ನಡುವೆ ಕೂದಲೆಳೆಯ ಸಂದು. ಪಟ್ಟಿಗೆ ಭಾರಿ ವಿದ್ಯುತ್ತು ಕೊಟ್ಟರೆ ಆ ಸಂದಿನ ಗಾಳಿಯೇ ನೇರಳೆ ಬಣ್ಣದಲ್ಲಿ ಬೆಳಗುತ್ತದೆ. ಸುಯ್ ಎಂದು ಸದ್ದು, ಹತ್ತಿರದಲ್ಲೇ ಸಿಡಿಲು ಬಿದ್ದಾಗಿನ ವಾಸನೆ. ತರಗತಿಯಲ್ಲಿ ಪ್ಲಾಸ್ಮಾ ಎಂದು ನಾನು ಹಲಗೆಯ ಮೇಲೆ ಬರೆಯುವುದು ಇದನ್ನೇ. ಆ ಬೆಳಕಿನ ಕೆಳಗೆ ಹಾದುಬಂದ ಪ್ಲಾಸ್ಟಿಕ್ಕು ನೀರನ್ನೂ ಬಣ್ಣವನ್ನೂ ತಬ್ಬಿಕೊಳ್ಳುತ್ತದೆ. ಆದರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣದು. ಮತ್ತೊಂದು ವಿಷಯ: ಈ ಗುಣ ಶಾಶ್ವತವಲ್ಲ. ತಿಂಗಳುಗಟ್ಟಲೆ ರೋಲಿಗೆ ಸುತ್ತಿ ಬಿದ್ದಿದ್ದರೆ ಪ್ಲಾಸ್ಟಿಕ್ಕು ನಿಧಾನವಾಗಿ ಹಳೆಯ ಸ್ವಭಾವಕ್ಕೆ ಮರಳುತ್ತದೆ. ಶೆಡ್ಡಿನಲ್ಲಿ ಅದಕ್ಕೆ 'ರೋಲು ಮರೀತು' ಅನ್ನುತ್ತಾರೆ.

ಟ್ರೀಟ್ ಆಗಿದೆಯೋ ಇಲ್ಲವೋ ಎಂದು ತಿಳಿಯಲು ನನ್ನ ಹೆಂಡತಿ ಊದಿ ನೋಡುತ್ತಿದ್ದಳು. ರೋಲಿನ ತುದಿಯನ್ನು ಎರಡು ಕೈಯಲ್ಲಿ ಹಿಡಿದು, ಮೂಗು ತಾಗುವಷ್ಟು ಬಗ್ಗಿ, ಕನ್ನಡಕ ಒರೆಸುವಾಗಿನಂತೆ ಹಾ ಎಂದು ಉಸಿರು ಬಿಡುವಳು. ಟ್ರೀಟ್ ಆಗಿರದಿದ್ದರೆ ಉಸಿರು ಬಿಳಿ ಮಂಜಾಗಿ ಕೂರುತ್ತದೆ. ಆಗಿದ್ದರೆ ತೆಳುವಾಗಿ ಹರಡಿ ಪಾರದರ್ಶಕವಾಗಿಯೇ ಇರುತ್ತದೆ. "ಮುನಿಸ್ಕಂಡೈತೆ" ಅಥವಾ "ಒಪ್ಕಂಡೈತೆ" ಎಂದು ತೀರ್ಪು ಕೊಟ್ಟು ಕುರ್ಚಿಗೆ ಹೋಗಿ ಕೂರುತ್ತಿದ್ದಳು. ಎಷ್ಟೋ ಸಲ ಮೂಗು ತಾಗಿಯೇ ಬಿಡುತ್ತಿತ್ತು, ಮೂಗುತಿ ಸಮೇತ.

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಹಾ ಮುಚ್ಚಿಟ್ಟು ಶೆಡ್ಡಿಗೆ ಹೊರಟಿರುತ್ತಿದ್ದಳು. ಒಂದು ಮಾತು ಹೇಳಿ ಹೋಗಬಾರದೇ ಎಂದು ನಾನು ಸಂಜೆ ಕೇಳುವುದು, ಅವಳು ನಗುವುದು. ಹೋದ ವರ್ಷ ಬೇಸಿಗೆಯ ಆ ದಿನವೂ ಚಹಾ ಮುಚ್ಚಿಟ್ಟಿತ್ತು. ಶೆಡ್ಡಿನಿಂದ ಫೋನು ಬಂದು ನಾನು ಹೋಗುವಷ್ಟರಲ್ಲಿ ಅವಳು ಕುರ್ಚಿಯಲ್ಲಿ ಕುಳಿತೇ ಇದ್ದಳು. ಎದೆಬಡಿತ ನಿಂತಿತ್ತು.

ಆಗ ಅವಳು ಟ್ರೀಟ್ ಮಾಡಿ ಮುಗಿಸಿದ ಒಂದು ರೋಲು ಹಾಗೆಯೇ ಉಳಿಯಿತು. ಅದು ನಮ್ಮ ಮಿಷನ್ ಆಪರೇಟರನ ಮಗಳ ಮದುವೆಯ ತಾಂಬೂಲದ ಕವರಿಗೆಂದು ಅವಳೇ ಆರಿಸಿದ್ದ ರೋಲು. "ನಿನ್ನ ಮಗಳ ಕವರು ನಾನೇ ಮಾಡ್ಕೊಡ್ತೀನಿ" ಎಂದು ಅವನಿಗೆ ಮಾತು ಕೊಟ್ಟಿದ್ದಳು. ಗಂಡಿನ ಮನೆಯಲ್ಲೂ ಹಿರಿಯರೊಬ್ಬರು ತೀರಿಕೊಂಡು ಮದುವೆ ಮುಂದಕ್ಕೆ ಹೋಯಿತು. ರೋಲು ಮೂಲೆಯಲ್ಲಿ ಕುಳಿತು ಮರೆಯತೊಡಗಿತು. ಅದು ಪೂರ್ತಿ ಮರೆಯುವ ಮುಂಚೆ ಮದುವೆ ಆಗಬೇಕು ಎಂಬುದೊಂದೇ ಆ ವರ್ಷ ನನಗಿದ್ದ ಚಿಂತೆ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಕ್ಕಿರುತ್ತಿದ್ದರು.

ಮೀಟರ್ ನೋಡಲು ಬಂದವನು

ಟ್ರೀಟರಿನ ಬೆಳಕು ಉದ್ದಕ್ಕೂ ಒಂದೇ ಸಮ ಇದೆಯೇ ಎಂದು ನೋಡಲು ಕತ್ತಲು ಬೇಕು. ಹಗಲಿನಲ್ಲಿ ಶಟರ್ ಎಳೆದು, ದೀಪ ಆರಿಸಿ ನೋಡುತ್ತೇವೆ. ಅವಳು ಹೋದ ಮೇಲೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದು ಆ ಕೆಲಸ ನಾನು ಮಾಡತೊಡಗಿದೆ.

ಹೀಗೊಂದು ಶನಿವಾರ ಒಬ್ಬನೇ ಇದ್ದೆ. ಆಪರೇಟರ್ ಊಟಕ್ಕೆ ಹೋಗಿದ್ದ. ಬಿಳಿ ಅಂಗಿ ತೊಟ್ಟು ಯಂತ್ರದ ಮೇಲೆ ಬಗ್ಗಿದ್ದೆ. ಬೆಳಕು ಕೆಳಗಿನಿಂದ ಬರುವುದರಿಂದ ಮುಖವೆಲ್ಲ ನೇರಳೆ, ಕಣ್ಣಿನ ಜಾಗ ಕಪ್ಪು. ಇದು ನನಗೆ ಆಗ ಹೊಳೆದಿರಲಿಲ್ಲ. ಶಟರ್ ಮೊಣಕಾಲೆತ್ತರಕ್ಕೆ ಮೇಲೆದ್ದು, ಕರೆಂಟಿನ ಮೀಟರ್ ನೋಡುವವನು ತಲೆ ಒಳಗೆ ಹಾಕಿದ. ನನ್ನ ಹಳೆಯ ವಿದ್ಯಾರ್ಥಿ.

ಅವನು ಅಲ್ಲಾಡಲಿಲ್ಲ. "ಯಾರು?" ಎಂದ.

"ನಾನೇ ಕಣೋ, ಮೇಷ್ಟ್ರು."

ಅವನು ನಿಧಾನವಾಗಿ ಒಳಗೆ ಬಂದ. ಚಪ್ಪಲಿ ಬಿಟ್ಟ. ಕೈ ಮುಗಿದ.

"ತಪ್ಪು ತಿಳ್ಕಾಬೇಡ್ರಿ ಸಾರ್. ನಿಮ್ಮ ತಿಥಿಗೆ ಬರಕ್ಕಾಗ್ಲಿಲ್ಲ. ಚಿಕ್ಕಜಾಜೂರ್ ಕಡೆ ಡ್ಯೂಟಿ ಹಾಕಿದ್ರು."

ಮೇಷ್ಟ್ರ ಮನೆಯಲ್ಲಿ ಹೋಗಿಬಿಟ್ಟರಂತೆ ಎಂಬ ಸುದ್ದಿ ಅಷ್ಟು ದೂರ ತಲುಪುವಾಗ, ಹೋದವರು ಯಾರು ಎಂಬುದು ದಾರಿಯಲ್ಲೇ ಬಿದ್ದುಹೋಗಿತ್ತು. ಅವನು ತನ್ನ ಲೆಕ್ಕದಲ್ಲಿ ನನ್ನನ್ನು ಹಾಕಿಕೊಂಡಿದ್ದ. ನಾನು ದೀಪ ಹಾಕಿದೆ. ಟ್ರೀಟರ್ ಆರಿಸಿದೆ. ಹೋದದ್ದು ನಾನಲ್ಲ, ನನ್ನ ಹೆಂಡತಿ ಎಂದು ವಿವರಿಸಿದೆ.

ಅವನು ನನ್ನನ್ನು ಕಾಲಿನಿಂದ ತಲೆಯವರೆಗೂ ನೋಡಿದ. ಅವಳು ಹೋದ ಮೇಲೆ ನಾನು ಸೊರಗಿದ್ದೆ, ಗಡ್ಡವೂ ಬಂದಿತ್ತು.

"ಖಂಡಿತಾನಾ ಸಾರ್?" ಎಂದ.

ಅವನು ಉತ್ತರಕ್ಕೆ ಕಾಯಲೂ ಇಲ್ಲ, ಮೀಟರನ್ನು ನೋಡಲೂ ಇಲ್ಲ. ಆ ತಿಂಗಳ ಬಿಲ್ಲು ಅಂದಾಜಿನ ಮೇಲೆ ಬಂತು.

ಹೊಳಲ್ಕೆರೆಯ ಯಜಮಾನರು

ಅವಳು ಹೋದ ಮೇಲೆ ಶೆಡ್ಡಿನಲ್ಲಿ ಯಾರೂ ಊದಿ ನೋಡುತ್ತಿರಲಿಲ್ಲ. ಹೀಗೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಕುರ್ಚಿ ಖಾಲಿ ಇದ್ದರೂ ಅದರ ಮೇಲೆ ಯಾರೂ ಕೂರುತ್ತಿರಲಿಲ್ಲವಲ್ಲ, ಹಾಗೆಯೇ ಊದುವುದನ್ನೂ ಬಿಟ್ಟಿದ್ದರು. ಆಪರೇಟರ್ ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದ. ಕವರು ಕತ್ತರಿಸಿ ಅಂಟಿಸುವ ಮಿಷನ್ನಿನ ಅಕ್ಕ ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳುತ್ತಿದ್ದಳು. ನಾನು ಬೆಳಕಿಗೆ ಹಿಡಿಯುತ್ತಿದ್ದೆ. ಮೂರರಿಂದಲೂ ಏನೂ ತಿಳಿಯುವುದಿಲ್ಲ.

ಹೊಳಲ್ಕೆರೆಯಿಂದ ಒಂದು ಕೆಲಸ ಬಂತು. ದೊಡ್ಡ ಕುಟುಂಬ, ಮನೆಯ ಯಜಮಾನರು ತೀರಿಕೊಂಡಿದ್ದರು. ಶಿವಗಣಾರಾಧನೆಗೆ ಬಂದವರಿಗೆ ಲಾಡು ಹಾಕಿ ಕೊಡುವ ಕವರಿನ ಮೇಲೆ ಅವರ ಭಾವಚಿತ್ರ ಬೇಕು ಎಂದು ಹಿರಿಯ ಮಗ ಫೋಟೊ ತಂದ. ಒಂದು ಬದಿಗೆ ಬಾಚಿದ ಕ್ರಾಪು, ಎರಡೂ ಕಡೆ ಮೇಲೆದ್ದ ಮೀಸೆ. ನಗು ಎಂಬುದು ಆ ಮುಖಕ್ಕೆ ಗೊತ್ತಿರಲಿಲ್ಲ.

ರೋಲು ಒಂದೇ ಮಗ್ಗುಲಿಗೆ ಟ್ರೀಟ್ ಆಗಿರುತ್ತದೆ. ಯಾವ ಮಗ್ಗುಲು ಎಂಬುದೇ ಪ್ರಶ್ನೆ.

"ಈ ಕಡೆ ಸಾ" ಎಂದ ಆಪರೇಟರ್, ಹೆಬ್ಬೆರಳು ಉಜ್ಜಿ.

"ಆ ಕಡೆ ಇರಬಹುದಲ್ಲ?"

"ಇರಬೌದು."

ಇಬ್ಬರೂ ಕುರ್ಚಿಯ ಕಡೆ ನೋಡಿದೆವು. ಒಂದು ಸಲ ಊದಿದ್ದರೆ ತೀರುತ್ತಿತ್ತು. ಇಬ್ಬರೂ ಊದಲಿಲ್ಲ. ಅವನು ಹೇಳಿದ ಕಡೆಯೇ ಅಚ್ಚಾಯಿತು. ಚಿತ್ರ ಚೆನ್ನಾಗಿ ಬಂತು. ಇಂಕು ಒಣಗಿದಂತೆಯೇ ಕಂಡಿತು.

ಕವರು ಕೊಡಲು ನಾವಿಬ್ಬರೇ ಹೋದೆವು; ಊಟಕ್ಕೆ ನಿಲ್ಲಿಸಿಕೊಂಡರು. ಪೆಂಡಾಲಿನ ತುಂಬ ಜನ. ಬಿಸಿಲು. ಊಟ ಮಾಡಿದ ಕೈಗಳಲ್ಲಿ ಜಿಡ್ಡು. ಲಾಡಿನ ಕವರು ಹಂಚಿ ಸ್ವಲ್ಪ ಹೊತ್ತಾಗಿತ್ತು. ಮುಂದೆ ಕುಳಿತಿದ್ದ ಅಜ್ಜಿಯೊಬ್ಬಳು ಬೆವರು ಒರೆಸಿಕೊಂಡು ಈ ಕಡೆ ತಿರುಗಿದಳು. ಅವಳ ಕೆನ್ನೆಯ ಮೇಲೆ ಮೀಸೆ ಇತ್ತು.

ಪಕ್ಕದವರ ಬಿಳಿ ಅಂಗಿಯ ಜೇಬಿನ ಮೇಲೆ ಎರಡು ಕಣ್ಣು. ಒಬ್ಬೊಬ್ಬರೇ ಅಂಗೈ ತೆರೆದು ನೋಡಿಕೊಂಡರು. ಕವರುಗಳೆಲ್ಲ ಗಾಜಿನಂತೆ ಸ್ವಚ್ಛವಾಗಿದ್ದವು. ಯಜಮಾನರು ಅಲ್ಲಿಂದ ಎದ್ದು ಬಂದು ಪ್ರತಿಯೊಬ್ಬರ ಅಂಗೈಯಲ್ಲಿ ಕುಳಿತಿದ್ದರು. ಅಷ್ಟು ಜನ, ಎಲ್ಲರೂ ಕೈ ಚಾಚಿ ಕೂತಿದ್ದಾರೆ, ಎಲ್ಲ ಕೈಯಿಂದಲೂ ಅದೇ ಮುಖ ಮೇಲೆ ನೋಡುತ್ತಿದೆ.

ಹಿರಿಯ ಮಗ ನಮ್ಮ ಕಡೆ ದಾಪುಗಾಲು ಹಾಕಿ ಬಂದ. ಆಪರೇಟರ್ ಮೆಲ್ಲಗೆ, "ಹೋಗಾಣ ಸಾ" ಎಂದ.

ಅಷ್ಟರಲ್ಲಿ ಯಜಮಾನರ ಹೆಂಡತಿ, ಕಂಬಕ್ಕೆ ಒರಗಿ ಕೂತಿದ್ದವರು, ತಮ್ಮ ಅಂಗೈ ನೋಡಿಕೊಳ್ಳುತ್ತಾ ಹೇಳಿದರು:

"ಬಿಡಪ್ಪ, ಅವರನ್ನ ಬೈಬೇಡ. ನಿಮ್ಮಪ್ಪ ನನ್ನ ಕೈ ಹಿಡ್ದಿದ್ದು ಧಾರೆ ದಿನ. ಆಮ್ಯಾಲೆ ಇವತ್ತೇ."

ಮಗ ನಿಂತ. ಆಕೆ ಅಂಗೈಯನ್ನು ಇನ್ನಷ್ಟು ಹತ್ತಿರ ತಂದರು. ಅಚ್ಚು ಮಗುಚಿ ಮೂಡುವುದರಿಂದ ಎಡ ಬಲವಾಗಿರುತ್ತದೆ. ಅದು ಆಕೆಗೆ ಹೇಗೆ ಗೊತ್ತಾಗಬೇಕು?

"ಕ್ರಾಪು ಆ ಕಡೀಕೆ ಬಾಚ್ಕಂಡವ್ರೆ" ಎಂದರು. "ನಾನು ಹೇಳಿದ್ರೆ ಕೇಳ್ತಿರಲಿಲ್ಲ. ಅಲ್ಲಿ ಯಾರು ಹೇಳಿದ್ರೋ."

ಕೆಂಪು ಕವರಿನ ಬಿಳಿ ಕೈ

ಇದು ಧರ್ಮಪುರದ ಬೀಜದ ವ್ಯಾಪಾರಿಯ ಪ್ರಸಂಗ. ಶೇಂಗಾ ಬೀಜದ ಕವರು. ಇಡೀ ಕವರಿಗೆ ಕೆಂಪು, ನಡುವೆ ಅಂಗಡಿಯ ಹೆಸರು.

ಅಚ್ಚು ಶುರುವಾಗಿ ಮೊದಲ ಕವರುಗಳು ಹೊರಗೆ ಬಂದಾಗ ಆಪರೇಟರ್ ಮಿಷನ್ ಓಡುತ್ತಿರುವಂತೆಯೇ ನನ್ನನ್ನು ಕರೆದ. ಅವನು ಹೀಗೆ ಕರೆಯುವವನಲ್ಲ. ಕೆಂಪಿನ ನಡುವೆ ಬಿಳಿಯ ಕೈ ಇತ್ತು. ಐದು ಬೆರಳು, ಅಂಗೈ, ಮಣಿಕಟ್ಟಿನ ಹತ್ತಿರ ಬಳೆಯ ಗೆರೆ. ಮುಂದಿನ ಕವರಿನಲ್ಲೂ ಇತ್ತು. ಅದರ ಮುಂದಿನದರಲ್ಲೂ.

ಆಪರೇಟರ್ ಕುರ್ಚಿಯ ಕಡೆ ನೋಡಲಿಲ್ಲ. ನೋಡಬಾರದು ಎಂದು ಕತ್ತು ಬಿಗಿ ಹಿಡಿದಿದ್ದು ನನಗೆ ಕಂಡಿತು.

ನಾನು ಒಂದು ಕವರನ್ನು ಮೇಜಿನ ಮೇಲೆ ಹರಡಿ ಆ ಬಿಳಿ ಕೈಯ ಮೇಲೆ ನನ್ನ ಕೈ ಇಟ್ಟೆ. ಅದು ನನ್ನ ಕೈಗಿಂತ ಅಗಲವಾಗಿತ್ತು. ಅವಳ ಕೈ ಚಿಕ್ಕದು. ನನ್ನ ಅಂಗೈಯೊಳಗೆ ಮುಚ್ಚಿಹೋಗುವಂಥದ್ದು. "ಅವಳದಲ್ಲ" ಎಂದೆ. ಆಪರೇಟರ್ ಉಸಿರು ಬಿಟ್ಟ. ಸಮಾಧಾನವಾಯಿತೋ ಬೇಸರವಾಯಿತೋ ನನಗೂ ತಿಳಿಯಲಿಲ್ಲ.

ಕಾರಣ ಸಿಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಟಿಂಗ್ ಅಕ್ಕ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದವಳು, ಪ್ಲಾಸ್ಟಿಕ್ಕಿನ ಮೈಗೆ ತಾಗುವ ರಬ್ಬರ್ ಉರುಳೆಯ ಮೇಲೆ ಧೂಳು ಕಂಡು ಬಲಗೈಯೂರಿ ಎಡಗೈಯಲ್ಲಿ ಒರೆಸಿದ್ದಳು. ಉರುಳೆ ಒಂದು ಸುತ್ತು ತಿರುಗಿದಾಗಲೆಲ್ಲ ಎಣ್ಣೆಯ ಕೈ ಪ್ಲಾಸ್ಟಿಕ್ಕಿನ ಮೇಲೆ ಬಿದ್ದಿತ್ತು. ಎಣ್ಣೆ ಇದ್ದ ಕಡೆ ಬಣ್ಣ ಹಿಡಿದಿರಲಿಲ್ಲ. ಹೋಗುತ್ತಾ ಹೋಗುತ್ತಾ ಎಣ್ಣೆ ಕಮ್ಮಿಯಾಗಿ ಕೈ ಮಸುಕಾಗಿ, ಕೊನೆಯ ಕಟ್ಟಿನಲ್ಲಿ ಇಲ್ಲವಾಗಿತ್ತು.

ವ್ಯಾಪಾರಿಗೆ ಇದನ್ನೆಲ್ಲ ಹೇಳಿ, ಬೇರೆ ಮಾಡಿಕೊಡುತ್ತೇವೆ ಎಂದೆ. ಬಿತ್ತನೆಗೆ ಹೊತ್ತಾಗಿದೆ, ಇರಲಿ ಎಂದು ಅವನು ತೆಗೆದುಕೊಂಡು ಹೋದ. ಮುಂದಿನ ವಾರ ಧರ್ಮಪುರದ ಬಸ್ಸಿಳಿದು ನೇರ ಶೆಡ್ಡಿಗೆ ಬಂದ.

"ಸಾ, ಇನ್ನಷ್ಟು ಬೇಕು. ಕೈ ಇರಬೇಕು."

"ಅದು ಎಣ್ಣೆ ಕಣಪ್ಪ. ಹೇಳಿದ್ನಲ್ಲ."

"ನೀವು ಹೇಳಿದ್ರಿ. ನಾನೂ ಹೇಳ್ದೆ. ಯಾರು ಕೇಳ್ತಾರೆ? ಅಮ್ಮೋರು ಬೀಜದ ಮೇಲೆ ಕೈ ಇಟ್ಟವ್ಳೆ ಅಂತ ಬೀಜ ಬಿತ್ತಿ ಕವರನ್ನ ಮನೇಗೆ ಒಯ್ದು ಬಾಗಿಲಿಗೆ ಕಟ್ಟವ್ರೆ. ಸಂಜೆ ಆ ಬೀದ್ಯಾಗೆ ಹೋದ್ರೆ ಬಾಗಿಲು ಬಾಗಿಲಿಗೂ ಬಿಳೀ ಕೈ ಬೀಸ್ತಾವೆ ಸಾ. ನನಗೇ ಮೈ ಜುಮ್ ಅಂತೈತೆ. ಕೈ ಇಲ್ಲದ ಕಟ್ಟು ಐತಲ್ಲ, ಅದನ್ನ ಒಬ್ಬರೂ ಮುಟ್ಟಲ್ಲ. ಅಮ್ಮ ಎದ್ದು ಹೋಗವ್ಳೆ ಅಂತಾರೆ."

ನಾನು ಆಗದು ಎಂದೆ. ಅವನು ನನ್ನನ್ನು ಬಿಟ್ಟು ಆ ಕೈ ಯಾರದು ಎಂದು ವಿಚಾರಿಸಿದ. ಆಪರೇಟರ್ ತೋರಿಸಿದ. ಬೀಜದ ವ್ಯಾಪಾರಿ ಕಟಿಂಗ್ ಅಕ್ಕನ ಮುಂದೆ ನಿಂತು, ಅವಳು ಕವರು ಎಣಿಸುವುದನ್ನು ನಿಲ್ಲಿಸುವವರೆಗೂ ಕೈ ಮುಗಿದುಕೊಂಡೇ ಇದ್ದ.

ಅವನು ಹೋದ ಮೇಲೆ ಅಕ್ಕ ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

"ಧರ್ಮಪುರದಾಗೆ ಈ ಕೈಗೆ ಊದುಬತ್ತಿ ಹಚ್ತಾರಂತೆ" ಎಂದಳು. "ನಮ್ಮನೇಲಿ ಈ ಕೈಯಾಗಿನ ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ಸರಿಸ್ತಾರೆ."

ದುಂಡಗಾಗುವುದು

ಆ ರೋಲಿನ ವಿಷಯಕ್ಕೆ ಬರುತ್ತೇನೆ.

ಊದದೆ ತಿಳಿಯುವ ಇನ್ನೊಂದು ಮಾರ್ಗ ಇದೆ. ಪ್ಲಾಸ್ಟಿಕ್ಕಿನ ಮೇಲೆ ಒಂದು ಹನಿ ನೀರು ಬಿಟ್ಟು, ಹನಿಯ ಅಂಚು ಪ್ಲಾಸ್ಟಿಕ್ಕಿಗೆ ಮಾಡುವ ಕೋನ ಅಳೆಯುವುದು. ಚಪ್ಪಟೆ ಹನಿ ಎಂದರೆ ಒಪ್ಪಿದೆ. ದುಂಡನೆಯ ಹನಿ ಎಂದರೆ ಮರೆಯುತ್ತಿದೆ. ನಾನು ಆಗಾಗ ರೋಲಿನ ಅಂಚಿನಿಂದ ಬೆರಳಗಲದ ಚೂರು ಕತ್ತರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದೆ. ಪ್ರಯೋಗಾಲಯದ ಕಿಟಕಿ ಮುಚ್ಚಿ, ಹನಿಯ ಹಿಂದೆ ಟಾರ್ಚ್ ಇಟ್ಟರೆ ಎದುರು ಗೋಡೆಯ ಮೇಲೆ ಅದರ ನೆರಳು ದೊಡ್ಡದಾಗಿ ಬೀಳುತ್ತದೆ. ಹಲಗೆಗೆ ಬಳಸುವ ಮರದ ಕೋನಮಾಪಕ ಹಿಡಿದು ಅಳೆಯುತ್ತಿದ್ದೆ.

ಮೊದಲು ಹನಿ ತಟ್ಟಿದ ರೊಟ್ಟಿಯಂತೆ ಮಲಗಿತ್ತು. ದೀಪಾವಳಿಯ ಹೊತ್ತಿಗೆ ಇಡ್ಲಿಯಾಗಿತ್ತು. ಚಳಿಗಾಲ ಕಳೆಯುವಾಗ ಎದ್ದು ಕೂರುವ ಲಕ್ಷಣ ತೋರಿಸಿತು.

"ಇನ್ನೊಂದ್ಸಲ ಟ್ರೀಟರಿಗೆ ಹಾಕಾಣ ಸಾ, ಸರಿಹೋಗುತ್ತೆ" ಎಂದಿದ್ದ ಆಪರೇಟರ್.

"ಬೇಡ" ಎಂದಿದ್ದೆ. ಇನ್ನೊಂದು ಸಲ ಹಾಕಿದರೆ ಬಣ್ಣ ಹಿಡಿಯುತ್ತದೆ, ನಿಜ. ಆದರೆ ಅದು ನಾವು ಮಾಡಿದ್ದಾಗುತ್ತದೆ. ಅವಳು ಮಾಡಿದ್ದು ಆ ಬೆಳಕಿನಲ್ಲಿ ಅಳಿಸಿಹೋಗುತ್ತದೆ. ಹಾಗಾದರೆ ಬೇರೆ ರೋಲಿನಲ್ಲೇ ಮಗಳ ಕವರು ಮಾಡಿಕೊಳ್ಳುತ್ತೇನೆ ಎಂದ ಅವನು. ಅದಕ್ಕೂ ಬೇಡ ಎಂದೆ. ಅವನು ಮತ್ತೆ ಕೇಳಲಿಲ್ಲ.

ಒಂದು ದಿನ ಕತ್ತಲ ಕೋಣೆಯಲ್ಲಿ ಗೋಡೆಯ ಮುಂದೆ ನಿಂತಿದ್ದೆ. ಹನಿಯ ನೆರಳು ನನ್ನ ಎತ್ತರಕ್ಕೆ ಇತ್ತು. ಉಸಿರಿಗೆ ಸ್ವಲ್ಪ ನಡುಗುತ್ತಿತ್ತು. "ಇನ್ನೊಂದು ಸ್ವಲ್ಪ ದಿನ ಇರು" ಎಂದು ನಾನು ಅದಕ್ಕೆ ಹೇಳುತ್ತಿದ್ದೆ. "ಮದುವೆ ಒಂದು ಆಗಿಬಿಡಲಿ."

ಹಿಂದೆ ಯಾರೋ ಕೆಮ್ಮಿದರು. ಹೆಡ್‌ಮಾಸ್ಟರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಒಳ್ಳೆಯ ಮನುಷ್ಯ, ನಿವೃತ್ತಿಯ ಅಂಚಿನಲ್ಲಿದ್ದವರು. ಗೋಡೆಯ ಮೇಲೆ ನಡುಗುತ್ತಿದ್ದ ಆ ದೊಡ್ಡ ಆಕಾರವನ್ನು ನೋಡಿದರು. ನನ್ನನ್ನು ನೋಡಿದರು. ಬಾಗಿಲಿನಾಚೆ ಕಾಲಿಟ್ಟುಕೊಂಡೇ ಕೇಳಿದರು:

"ಮೇಷ್ಟ್ರೇ, ಇವರು ದಿನಾ ಬರ್ತಾರಾ?"

ನಾನು ಹನಿಯ ಬಗ್ಗೆಯೇ ಕೇಳುತ್ತಿದ್ದಾರೆ ಎಂದುಕೊಂಡೆ. "ದಿನಾ ಇಲ್ಲ ಸಾರ್. ವಾರಕ್ಕೊಮ್ಮೆ ನೋಡ್ತೀನಿ."

"ಹೆಂಗಿದಾರೆ?"

"ಮೊದಲಿನ ಥರ ಇಲ್ಲ ಸಾರ್. ವಾರದಿಂದ ವಾರಕ್ಕೆ ದುಂಡಗಾಗ್ತಾ ಇದೆ."

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಒಳ್ಳೇದೇ ಬಿಡ್ರಿ" ಎಂದರು ಮೆಲ್ಲಗೆ. "ಅಲ್ಲಿ ಊಟ ಚೆನ್ನಾಗಿರಬೇಕು."

ಪಕ್ಕದ ಎಲೆ

ಮದುವೆ ಗೊತ್ತಾಯಿತು. ಹೊಸದುರ್ಗದಲ್ಲಿ, ಗಂಡಿನ ಊರಿನಲ್ಲಿ. ಇನ್ನು ಮುಂದೂಡುವಂತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ರೋಲಿಗೆ ಸುತ್ತಿದ್ದ ಹೊದಿಕೆ ಬಿಚ್ಚಿದೆವು.

ಕೋನಮಾಪಕದ ಮಾತು ನನಗೆ ಗೊತ್ತಿತ್ತು. ಆದರೂ ರೋಲಿನ ತುದಿಯನ್ನು ಎರಡು ಕೈಯಲ್ಲಿ ಹಿಡಿದೆ. ಆಪರೇಟರ್, ಅಕ್ಕ ಇಬ್ಬರೂ ಪಕ್ಕದಲ್ಲಿ ನಿಂತಿದ್ದರು. ಒಂದು ವರ್ಷದಿಂದ ಆ ಶೆಡ್ಡಿನಲ್ಲಿ ಯಾರೂ ಮಾಡದ ಕೆಲಸವನ್ನು ಮಾಡಿದೆ. ಬಗ್ಗಿ, ಹಾ ಎಂದು ಊದಿದೆ.

ಬಿಳಿ ಮಂಜು ಕೂತಿತು.

"ಮುನಿಸ್ಕಂಡೈತೆ" ಎಂದಳು ಅಕ್ಕ, ಕೇಳಿಸದಷ್ಟು ಮೆಲ್ಲಗೆ.

ನಾನು ನೋಡುತ್ತಿದ್ದದ್ದು ಬೇರೆ. ಮಂಜಿನ ನಡುವೆ ಒಂದು ದುಂಡನೆಯ ಗುರುತು ಮೂಡಿತ್ತು, ಬಟಾಣಿಗಿಂತ ಸ್ವಲ್ಪ ದೊಡ್ಡದು. ಅದರ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ. ನೋಡುನೋಡುತ್ತಲೇ ಉಸಿರು ಆರಿ ಎರಡೂ ಮಾಯವಾದವು. ಮತ್ತೆ ಊದಿದೆ. ಮತ್ತೆ ಬಂದವು.

"ಅಮ್ಮಾವ್ರ ಮೂಗು" ಎಂದ ಆಪರೇಟರ್.

ಮೈಯ ಜಿಡ್ಡು ತಾಗಿದ ಕಡೆ ಉಸಿರು ಬೇರೆ ಥರ ಕೂರುತ್ತದೆ. ಇದರಲ್ಲಿ ವಿಚಿತ್ರ ಏನೂ ಇಲ್ಲ. ಹಾಗೆಂದು ಅವರಿಬ್ಬರಿಗೂ ವಿವರಿಸಿದೆ. ಅವರು ಕೇಳುತ್ತಿರಲಿಲ್ಲ. ಆಪರೇಟರ್ ಊದಿದ. ಅಕ್ಕ ಊದಿದಳು. ಆಮೇಲೆ ನಾನು. ಮೂವರು ವಯಸ್ಸಾದವರು ಶೆಡ್ಡಿನ ನಡುವೆ ತಲೆಗೆ ತಲೆ ತಾಗಿಸಿಕೊಂಡು ಒಂದು ಪ್ಲಾಸ್ಟಿಕ್ಕಿಗೆ ಸರದಿಯ ಮೇಲೆ ಉಸಿರು ಬಿಡುತ್ತಿದ್ದೆವು. ಪ್ರತಿ ಸಲವೂ ಅವಳು ಬಂದು ನೋಡಿ ಹೋಗುತ್ತಿದ್ದಳು.

ಕೊನೆಗೆ ನಾನೇ, "ಟ್ರೀಟರ್ ಹಾಕು" ಎಂದೆ.

"ಹಾಕಿದ್ರೆ ಅಮ್ಮಾವ್ರದ್ದು ಹೋಗುತ್ತೆ ಸಾ."

"ಹಾಕದಿದ್ರೆ ನಿನ್ನ ಮಗಳ ಹೆಸರು ನಿಲ್ಲಲ್ಲ."

ಶಟರ್ ಎಳೆದೆವು. ದೀಪ ಆರಿಸಿದೆವು. ನೇರಳೆ ಬೆಳಕು ಉದ್ದಕ್ಕೂ ಒಂದೇ ಸಮ ಹತ್ತಿಕೊಂಡಿತು. ತೋಳಿನ ರೋಮ ಎದ್ದು ನಿಂತವು. ರೋಲು ಪೂರ್ತಿ ಓಡಿತು. ಸುಯ್ ಎಂಬ ಸದ್ದಿನೊಳಗೆ ಯಾರೋ ಮೂಗೇರಿಸಿದ್ದು ಕೇಳಿಸಿತು, ಆಪರೇಟರನೋ ನಾನೋ.

ದೀಪ ಹಾಕಿ, ತುದಿ ಹಿಡಿದು ಊದಿದೆ. ಉಸಿರು ಎಲ್ಲೂ ಬಿಳುಪಾಗದೆ ತೆಳುವಾಗಿ ಹರಡಿತು. ಒಂದು ಕಡೆ ಮಾತ್ರ ದುಂಡನೆಯ ಮಂಜು, ಪಕ್ಕದಲ್ಲಿ ಚುಕ್ಕೆ. ಹಳೆಯ ಜಿಡ್ಡು, ಒಂದು ಸಲಕ್ಕೆ ಹೋಗಿರಲಿಲ್ಲ.

ಅಕ್ಕ ಬಗ್ಗಿ ನೋಡಿ ತೀರ್ಪು ಕೊಟ್ಟಳು: "ಒಪ್ಕಂಡೈತೆ. ಮೂಗು ಒಂದು ಒಪ್ಪಿಲ್ಲ."

ಅಚ್ಚಾದ ಮೇಲೆ ನೋಡಿದರೆ ಮೊದಲ ಕವರಿನಲ್ಲಿ, ಮದುಮಗಳ ಹೆಸರಿನ ಕೆಳಗಿನ ಅರಿಶಿನ ಬಣ್ಣದ ಪಟ್ಟಿಯಲ್ಲಿ, ಮೂಗು ಮತ್ತು ಮೂಗುತಿಯಷ್ಟು ಜಾಗ ಖಾಲಿ ಉಳಿದಿತ್ತು. ಅದನ್ನು ನಾನು ಇಟ್ಟುಕೊಳ್ಳುತ್ತೇನೆ, ತೆಗೆದಿಡು ಎಂದು ಅಕ್ಕನಿಗೆ ಹೇಳಿದೆ. ತೆಗೆದಿಟ್ಟೆ ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

ಹೊಸದುರ್ಗದಲ್ಲಿ ಧಾರೆ ಮುಗಿದು, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿದ ಕವರು ಹಂಚುತ್ತಿದ್ದರು. ಗಂಡಿನ ತಾಯಿ ಒಂದು ಕವರು ಹಿಡಿದುಕೊಂಡು ನಮ್ಮ ಹತ್ತಿರ ಬಂದರು. ನೂರಾರು ಕವರಿನಲ್ಲಿ ಅದು ಅವರ ಕೈಗೇ ಹೋಗಿತ್ತು.

"ಬೀಗ್ರೇ, ಇದೊಂದ್ರಾಗೆ ಬಣ್ಣ ಹಿಡಿದಿಲ್ಲ ನೋಡ್ರಿ. ಮೂಗಿನಂಗೆ ಐತೆ. ಮೂಗುತಿ ಬೇರೆ."

ಆಪರೇಟರ್ ಬಗ್ಗಿ ನೋಡಿದ. "ಅದು ನಮ್ಮ ಅಮ್ಮಾವ್ರದ್ದು. ಈ ಮೇಷ್ಟ್ರ ಮನೆಯವ್ರು. ನನ್ನ ಮಗಳ ಕವರು ಅಂತ ಅವ್ರೇ ರೋಲು ಆರಿಸಿ ಮಾಡಿದ್ದು."

"ಹೌದಾ?" ಆಕೆಯ ಮುಖ ಅರಳಿತು. "ಎಲ್ಲವ್ರೆ? ಕರೀರಿ, ಅರಿಶಿನ ಕುಂಕುಮ ಕೊಡಾಣ."

ಚಪ್ಪರದ ಕೆಳಗೆ, ಧಾರೆಯಾದ ಗಳಿಗೆಯಲ್ಲಿ, ಆ ಒಂದು ಮಾತನ್ನು ಬಾಯಿಂದ ಹೊರಡಿಸುವಂತಿಲ್ಲ. ಆಪರೇಟರ್ ಅಕ್ಕನನ್ನು ನೋಡಿದ. ಅಕ್ಕ ನನ್ನನ್ನು ನೋಡಿದಳು.

"ಇಲ್ಲೇ ಇದ್ರು" ಎಂದ ಆಪರೇಟರ್.

"ಕೈ ತೊಳೆಯಕ್ಕೆ ಹೋದ್ರು" ಎಂದಳು ಅಕ್ಕ.

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಈಗ ಕಾಣಲ್ಲ" ಎಂದೆ.

"ಹಂಗಾದ್ರೆ ನೀವು ಕುಂತ್ಕಳ್ರಿ, ಬರ್ತಾರೆ" ಎಂದು ಆಕೆ ನಮ್ಮನ್ನು ಊಟಕ್ಕೆ ನಡೆಸಿಕೊಂಡು ಹೋದರು. ನನಗೊಂದು ಎಲೆ, ಅಕ್ಕನಿಗೊಂದು ಎಲೆ, ನಡುವೆ ಇನ್ನೊಂದು. "ಅವ್ರ ಎಲೆ ಯಜಮಾನ್ರ ಪಕ್ಕದಾಗೇ ಇರ್ಲಿ." ಕವರನ್ನು ಆ ಎಲೆಯ ತಲೆಯ ಕಡೆ, ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಿ ಹೋದರು. ಮೂಗು ಎಲೆಯ ಕಡೆಗೇ ತಿರುಗಿತ್ತು.

ಬಡಿಸುವವನು ಬಂದ. ಪಲ್ಯ, ಕೋಸಂಬರಿ, ಹೋಳಿಗೆ, ತುಪ್ಪ. ನಡುವಿನ ಎಲೆಗೂ ಬಡಿಸಿದ.

"ಇವ್ರು ಎಲ್ಲಿ?"

"ಬರ್ತಾರೆ" ಎಂದ ಹಿಂದೆ ನಿಂತಿದ್ದ ಆಪರೇಟರ್.

"ಇನ್ನೊಂದು ಹೋಳಿಗೆ ಹಾಕ್ಲಾ ಇವ್ರಿಗೆ?"

"ಹಾಕಪ್ಪ" ಎಂದೆ ನಾನು. "ಅಲ್ಲಿ ಊಟ ಚೆನ್ನಾಗಿದೆ ಅಂತ ನಮ್ಮ ಹೆಡ್‌ಮಾಸ್ಟರು ಹೇಳ್ತಾರೆ. ಇಲ್ಲಿ ಕಮ್ಮಿ ಆಗೋದು ಬೇಡ."

"ಎಲ್ಲಿ?" ಎಂದ ಅವನು. ನಾನು ಹೋಳಿಗೆ ಮುರಿದೆ, ಅವನು ಮುಂದೆ ಹೋದ.

ಆ ವರ್ಷದಲ್ಲಿ ಮೊದಲ ಸಲ ನಾನು ಹೊಟ್ಟೆ ತುಂಬ ಉಂಡೆ. ಎದ್ದು ಕೈ ತೊಳೆದು ಬಂದು ನೋಡಿದರೆ ನಡುವಿನ ಎಲೆ ಬರಿದಾಗಿತ್ತು. ಹೋಳಿಗೆ ಇಲ್ಲ, ಪಲ್ಯ ಇಲ್ಲ. ಉಂಡವರು ತಮ್ಮ ಕಡೆಗೆ ಮಡಚುವಂತೆಯೇ ಎಲೆ ಮಡಚಿತ್ತು. ಲೋಟದಲ್ಲಿ ನೀರು ಅರ್ಧ ಇಳಿದಿತ್ತು. ಕವರು ಹಾಗೇ ನಿಂತಿತ್ತು.

ಅಕ್ಕನ ತುಟಿಯ ಮೇಲೆ ತುಪ್ಪ ಹೊಳೆಯುತ್ತಿತ್ತು. ಆದರೆ ಅವಳ ಎಲೆಗೂ ತುಪ್ಪ ಬಡಿಸಿದ್ದರು. ಅದರಿಂದ ಏನನ್ನೂ ಸಾಧಿಸಿ ತೋರಿಸಲಾಗದು. "ನಾನಲ್ಲ ಮೇಷ್ಟ್ರೇ, ನಾನು ನಿಮ್ಮ ಹಿಂದೇನೇ ಎದ್ದೆ" ಎಂದಳು. ಆಪರೇಟರ್ ಮಗಳ ಕಡೆ ಹೋಗಿದ್ದ. ನಾನು ಕವರನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಗಂಡಿನ ತಾಯಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರು. ಮಡಚಿದ ಎಲೆ ನೋಡಿದರು. ಸುತ್ತ ನೋಡಿದರು.

"ಉಂಡು ಹೋಗೇ ಬಿಟ್ರಾ?" ಎಂದರು, ಸ್ವಲ್ಪ ನೊಂದು. "ಏನ್ರಿ ಮೇಷ್ಟ್ರೇ, ಒಂದು ಮಾತು ಹೇಳಿ ಹೋಗಬಾರ್ದಾ ನಿಮ್ಮ ಮನೆಯವ್ರು?"

"ಅವಳು ಯಾವಾಗಲೂ ಹಾಗೇ ಅಮ್ಮ" ಎಂದೆ. "ನನಗೇ ಹೇಳಿ ಹೋಗಲ್ಲ."